ಮೈಲಾರಪ್ಪನಿಗೆ ಅಫೀಮು ಬಿಡಿಸಿದ್ದು

ಸತ್ತವರೆಂದರೆ ನನಗೆ ಹೆದರಿಕೆಯಿಲ್ಲ, ಸಿಟ್ಟು. ಇದ್ದಾಗ ಹೆಂಡತಿಗೆ ಒಂದು ಕೊಡ ನೀರು ತಂದುಕೊಡದವರು ಸತ್ತ ಮೇಲೆ ಬಂದು ಅವಳ ಪ್ರಾಣ ಹಿಂಡುತ್ತಾರೆಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ನನ್ನ ತಂಗಿ ಸಾವಕ್ಕನ ಗಂಡ ಮೈಲಾರಪ್ಪ ಹಾಗೆಯೇ ಮಾಡಿದ. ಮಣ್ಣು ಮಾಡಿ ಮೂರು ದಿನವಾಗುವುದರೊಳಗೆ ಕಾಗೆಯಾಗಿ ಬಂದ. ಹೆಂಡತಿಯನ್ನು ಬಿಟ್ಟಿರಲಾರದೆ ಬಂದನೇ? ಎಲ್ಲಿಯ ಮಾತು! ಅಫೀಮಿಗೆ ಬಂದ.

ನಾನು ಶೇವಂತೆವ್ವ. ಹುಬ್ಬಳ್ಳಿಯಿಂದ ಬೆಂಗೇರಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಹತ್ತಿ ಗಿರಣಿಯ ಗಂಡಸರಿಗೆ ರೊಟ್ಟಿ ಬಡಿದು ಕೊಟ್ಟು ಬದುಕಿದವಳು. ನನ್ನ ಮನೆಗೂ ಸಾವಕ್ಕನ ಮನೆಗೂ ನಡುವೆ ಒಂದೇ ಮೋಟು ಗೋಡೆ. ಅಲ್ಲಿ ಸೀನಿದರೆ ಇಲ್ಲಿ ಕೇಳುತ್ತಿತ್ತು. ಆದ್ದರಿಂದ ಇದರಲ್ಲಿ ಯಾರೋ ಹೇಳಿದ್ದು, ಯಾರೋ ಕೇಳಿದ್ದು ಏನೂ ಇಲ್ಲ. ನಂಬದವರು ಈಗಲೇ ಎದ್ದು ತಮ್ಮ ಕೆಲಸ ನೋಡಿಕೊಳ್ಳಬಹುದು.

ಮೈಲಾರಪ್ಪ ಮೊದಲಿನಿಂದ ಅಫೀಮಿನವನಲ್ಲ. ಖರೇ ಹೇಳಬೇಕೆಂದರೆ, ಅಂಥ ನಗುವ ಮನುಷ್ಯ ನಮ್ಮ ಓಣಿಯಲ್ಲಿ ಇನ್ನೊಬ್ಬ ಇರಲಿಲ್ಲ. ಅವರಿಗೆ ಬಹಳ ದಿನ ಮಕ್ಕಳಾಗದೆ, ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಒಂದು ಹೆಣ್ಣುಕೂಸು ಹುಟ್ಟಿತು. ಫಕೀರವ್ವ ಎಂದು ಹೆಸರಿಟ್ಟರು. ಗಿರಣಿಯಿಂದ ಬಂದವನು ಕೈಕಾಲು ತೊಳೆಯುವ ಮೊದಲೇ ಅದನ್ನು ಎತ್ತಿಕೊಳ್ಳುತ್ತಿದ್ದ. ಅದರ ತಲೆಗೂದಲಿಗೆಲ್ಲ ಅವನ ಮೈಮೇಲಿನ ಹತ್ತಿ ಅಂಟಿಕೊಂಡು, ನಾನು ಕೂತು ಆರಿಸುತ್ತಿದ್ದೆ. ಕೂಸಿಗೆ ನಾಲ್ಕು ತುಂಬಿದ ವರ್ಷ ಊರಿಗೆ ಪ್ಲೇಗು ಬಂತು. ಇಲಿ ಬೀಳತೊಡಗಿದ ಕೂಡಲೇ ಓಣಿಗೆ ಓಣಿಯೇ ಖಾಲಿಯಾಗಿ, ನಾವೆಲ್ಲ ಗೋಪನಕೊಪ್ಪದ ಹೊಲಗಳಲ್ಲಿ ತಗಡು ತಟ್ಟಿಯ ಗುಡಿಸಲು ಹಾಕಿಕೊಂಡೆವು. ಅಲ್ಲಿಯೇ ಫಕೀರವ್ವನಿಗೆ ಗಡ್ಡೆ ಎದ್ದಿತು. ಎರಡು ಹಗಲು ನರಳಿ ಹೋಯಿತು.

ನಮ್ಮ ಕಡೆ ಸಾವಾದರೆ ಹೆಂಗಸರು ಸುತ್ತ ಕೂತು ಹಾಡ್ಯಾಡಿ ಅಳಬೇಕು. ಹೋದವರು ಹೇಗೆ ನಕ್ಕರು, ಏನು ಉಂಡರು, ಯಾರಿಗೆ ಏನೆಂದರು, ಎಲ್ಲ ಒಂದೊಂದಾಗಿ ಹಾಡಿ ಅತ್ತರೆ ಎದೆಯ ಭಾರ ಇಳಿಯುತ್ತದೆ. ಸಾವಕ್ಕನಿಗೆ ಅದೂ ದಕ್ಕಲಿಲ್ಲ. ಅಳುವ ದನಿ ಕೇಳಿದರೆ ಪ್ಲೇಗಿನ ಸಿಪಾಯಿಗಳು ಬಂದು ಗುಡಿಸಲು ಸುಟ್ಟು, ಉಳಿದವರನ್ನೆಲ್ಲ ಡೇರೆ ಆಸ್ಪತ್ರೆಗೆ ಎಳೆದೊಯ್ಯುತ್ತಿದ್ದರು. ಹೀಗಾಗಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಳು. ಮೈಲಾರಪ್ಪ ಕೂಸನ್ನು ಧೋತರದಲ್ಲಿ ಸುತ್ತಿ ಒಯ್ದು ಒಬ್ಬನೇ ಮಣ್ಣು ಮಾಡಿದ. ದಾರಿಯಲ್ಲಿ ಯಾರೋ ಪುಣ್ಯಾತ್ಮರು ನಿದ್ದೆ ಬರಲೆಂದು ಅವನಿಗೆ ಒಂದು ಗುಳಿಗೆ ಅಫೀಮು ಕೊಟ್ಟರು. ನಿದ್ದೆ ಬಂತು. ಬಂದದ್ದು ಹೋಗಲೇ ಇಲ್ಲ.

ಅಂದಿನಿಂದ ಅವನು ಆಡಿದ ಮಾತೆಂದರೆ ಒಂದೇ, ಹ್ಞೂಂ. ರೊಟ್ಟಿ ಉಣ್ಣುತ್ತೀರಾ ಎಂದರೆ ಹ್ಞೂಂ. ಮಾಳಿಗೆ ಸೋರುತ್ತಿದೆ ಎಂದರೆ ಹ್ಞೂಂ. ಸಾವಕ್ಕ ಕೂಸಿನ ಮಾತು ತೆಗೆದರೆ ಕಣ್ಣು ಮುಚ್ಚಿ ಗೋಡೆಗೆ ಒರಗುವನು. ಹೀಗೆ ವರ್ಷಗಳು ಹೋದವು. ಕಡೆಗೊಂದು ದಿನ ಗಿರಣಿಯ ಹತ್ತಿ ರಾಶಿಯ ಮೇಲೆ ಮಲಗಿದ್ದಾನೆ, ಸಂಜೆ ಭೋಂಗಾ ಊದಿದಾಗ ಎಲ್ಲರೂ ಎದ್ದು ಮನೆಗೆ ಹೊರಟರು, ಅವನೊಬ್ಬ ಏಳಲಿಲ್ಲ. ಪೂರ್ತಿ ಸತ್ತಿದ್ದಾನೆಂದು ತಿಳಿಯಲು ಅವರಿಗೆ ಸ್ವಲ್ಪ ಹೊತ್ತೇ ಹಿಡಿಯಿತಂತೆ.

ಮೂರನೆಯ ದಿನ ಸುಡುಗಾಡಿಗೆ ಎಡೆ ಒಯ್ದೆವು. ಹೋಳಿಗೆ, ಕೋಳಿ ಸಾರು, ಮೊಸರನ್ನ, ಎರಡು ಬೀಡಿ. ಕಾಗೆ ಬಂದು ಮುಟ್ಟಿದರೆ ಸತ್ತವನಿಗೆ ತೃಪ್ತಿ, ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ಒಂದು ಕಾಗೆ ಬಂತು. ಜಾಲಿಮರದ ಮೇಲೆ ಕೂತು ಆಕಾಶ ನೋಡಿತು. ನಾವು ಬಿಸಿಲಿನಲ್ಲಿ ನಿಂತೆವು. ಯಾರೋ ಸಿಂದಿ ತಂದಿಟ್ಟರು, ಮುಟ್ಟಲಿಲ್ಲ. ಅವನ ಕಾಕಾ ಕೈಮುಗಿದು, "ಮೈಲಾರೀ, ಸಾವಕ್ಕನ್ನ ನಾವು ನೋಡ್ಕೊಂತೀವೋ, ನೀ ಚಿಂತಿ ಮಾಡಬ್ಯಾಡ" ಎಂದ. ಕಾಗೆ ಅವನನ್ನು ಒಮ್ಮೆ ದಿಟ್ಟಿಸಿ ಬೆನ್ನು ತಿರುಗಿಸಿ ಕೂತಿತು. ಮಾತು ಉಳಿಸಿಕೊಳ್ಳದ ಆ ಕಾಕಾನ ಗುಣ ಬಲ್ಲ ನನಗೆ ಇದು ಮೈಲಾರಪ್ಪನೇ ಎಂದು ಆಗಲೇ ಸಂಶಯ ಬರಬೇಕಿತ್ತು.

ಆಗ ಮುಂದೆ ಬಂದವನು ಗೋವಿಂದಪ್ಪ. ಗಿರಣಿಯಲ್ಲಿ ಮೈಲಾರಪ್ಪನ ಜೋಡಿ, ಅಫೀಮಿನಲ್ಲಿಯೂ ಜೋಡಿ. "ಅಂವಗ ಏನ ಬೇಕಂತ ನನಗ ಗೊತ್ತೈತಿ, ಸರೀರಿ," ಎಂದು ಸೊಂಟದಿಂದ ಡಬ್ಬಿ ತೆಗೆದ. ಕಡಲೆಕಾಳಿನಷ್ಟು ಗುಳಿಗೆ. ಅದನ್ನು ನೋಡುತ್ತ ಅವನ ಕಣ್ಣಲ್ಲಿ ನೀರು ಬಂತು. ಮುರಿದು ಅರ್ಧವನ್ನು ಹೋಳಿಗೆಯ ಮೇಲಿಟ್ಟ, ಅರ್ಧವನ್ನು ತನ್ನ ಬಾಯಿಗೆ ಹಾಕಿಕೊಂಡ. "ಅರ್ಧಾ ನಿನಗ, ಅರ್ಧಾ ನನಗ. ಎಂದಿನಂಗ," ಎಂದ. ಕಾಗೆ ಟಪ್ಪೆಂದು ಇಳಿದು ಗುಳಿಗೆ ನುಂಗಿತು. "ಮುಟ್ಟಿತು! ಮುಟ್ಟಿತು!" ಎಂದು ಎಲ್ಲರೂ ಕೈಮುಗಿದರು. ನಾನೂ ಮುಗಿದೆ, ನನ್ನ ಬುದ್ಧಿಗಿಷ್ಟು. ಆ ಹಕ್ಕಿ ಮೊಸರನ್ನದಲ್ಲಿ ಒರಗಿ ಕಾಲು ಮೇಲೆ ಮಾಡಿ ಮಲಗಿತು. ಮೈಲಾರಪ್ಪನದು ಎಂಥ ಶಾಂತಿಯ ಸಾವು ಎಂದು ಮಾತಾಡಿಕೊಳ್ಳುತ್ತ ಮನೆಗೆ ಬಂದೆವು.

ಮರುದಿನ ಬೆಳಿಗ್ಗೆ ಸಾವಕ್ಕನ ಪಡಸಾಲೆಯಲ್ಲಿ ಹಗ್ಗದ ಮಂಚ ಕಿರ್ ಎಂದಿತು. ಮೋಟು ಗೋಡೆಯ ಮೇಲಿಂದ ಇಣುಕಿದೆ. ಮಂಚದ ನಡುವೆ ಒಂದು ಕಾಗೆ ಕೂತಿದೆ, ಮತ್ತು ಹಗ್ಗ ಜಗ್ಗಿ ನೆಲಕ್ಕೆ ತಾಗಿದೆ. ಅಂಗೈಯಷ್ಟು ಹಕ್ಕಿಗೆ ಆ ಭಾರ ಎಲ್ಲಿಂದ ಬರಬೇಕು? ಕಸಬರಿಗೆ ಹಿಡಿದು ಹೋದೆ. "ಹುಶ್! ನಡಿ ಇಲ್ಲಿಂದ!" ಎಂದೆ. ಅದು ಅರ್ಧ ಮುಚ್ಚಿದ ಕಣ್ಣಿನಿಂದ ನನ್ನನ್ನು ನೋಡಿ, "ಹ್ಞೂಂ" ಎಂದಿತು.

ಕಸಬರಿಗೆ ಕೈಯಿಂದ ಬಿತ್ತು. ಆ ಹ್ಞೂಂ ನನಗೆ ಗೊತ್ತು. ಅಷ್ಟು ವರ್ಷ ಗೋಡೆಯಾಚೆಯಿಂದ ಕೇಳಿ ಹಲ್ಲು ಕಡಿದವಳು ನಾನು.

ಸಾವಕ್ಕ ಒಳಗಿನಿಂದ ಬಂದಳು. ಕೂಗಲಿಲ್ಲ, ಬೀಳಲಿಲ್ಲ. ಜಗ್ಗಿದ ಹಗ್ಗ ನೋಡಿದಳು, ಕಾಗೆಯನ್ನು ನೋಡಿದಳು.

"ಬಂದ್ರಿ?"

"ಹ್ಞೂಂ."

"ಚಾ ಮಾಡ್ಲಿ?"

"ಹ್ಞೂಂ."

ಚಹ ಮಾಡಿ ಬಸಿಯಲ್ಲಿ ಇಟ್ಟಳು. ಅದು ಮುಟ್ಟಲಿಲ್ಲ. ಗೋಡೆಯ ಗೂಡಿನಲ್ಲಿದ್ದ ಅವನ ಅಫೀಮಿನ ಡಬ್ಬಿಯ ಕಡೆಗೇ ನೋಡುತ್ತ ಕೂತಿತು. ಸಾವಕ್ಕ ನಿಟ್ಟುಸಿರು ಬಿಟ್ಟು, ತಳದಲ್ಲಿ ಉಳಿದಿದ್ದ ಗುಳಿಗೆಯೊಂದನ್ನು ಕೊಟ್ಟಳು. ಕಾಗೆ ನುಂಗಿ, ಕೊಕ್ಕನ್ನು ಬಾಗಿಲ ಚೌಕಟ್ಟಿಗೆ ಒರೆಸಿ ಮಲಗಿತು. ಮೈಲಾರಪ್ಪನೂ ಕೈಯನ್ನು ಅಲ್ಲಿಗೇ ಒರೆಸುತ್ತಿದ್ದ. ಒರೆಸಬೇಡ ಎಂದು ಎಷ್ಟು ಸಲ ಬೈದಿದ್ದೆವೋ!

ಡಬ್ಬಿ ಖಾಲಿಯಾದ ಮೇಲೆ ಸಾವಕ್ಕ ಅಫೀಮಿನ ಅಂಗಡಿಗೆ ಹೋಗಬೇಕಾಯಿತು. ಆಗ ಸರಕಾರದ ಪರವಾನಗಿ ಇದ್ದ ಅಂಗಡಿಯಲ್ಲಿಯೇ ಅದನ್ನು ಮಾರುತ್ತಿದ್ದರು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ಅಂಗಡಿಯವನು, "ಯಾರಿಗವ್ವಾ?" ಎಂದ.

"ನಮ್ಮನಿಯವ್ರಿಗಿ."

"ಅಂವ ಸತ್ತಾನಲ್ಲಬೇ. ಮಣ್ಣಿಗೆ ನಾನ ಬಂದಿದ್ದೆ."

"ಹೌದ್ರಿ. ಅವ್ರಿಗೇ."

ಅಂಗಡಿಯವನು ತಕ್ಕಡಿ ಕೈಗೆತ್ತಿಕೊಂಡ. "ಹಳೇ ಗಿರಾಕಿ," ಎಂದು ತನಗೆ ತಾನೇ ಹೇಳಿಕೊಂಡು ತೂಗಿ ಕೊಟ್ಟ.

ಅದು ಪಿಕೆಟಿಂಗಿನ ಕಾಲ. ಬಿಳಿ ಟೊಪ್ಪಿಗೆಯ ಹುಡುಗರು ಸಿಂದಿ, ಸಾರಾಯಿ, ಅಫೀಮಿನ ಅಂಗಡಿಗಳ ಮುಂದೆ ಅಡ್ಡ ಮಲಗಿ, ಕೊಳ್ಳಬೇಡಿರೆಂದು ಕಾಲು ಹಿಡಿಯುತ್ತಿದ್ದರು. ನಾವು ಹೊರಗೆ ಬರುತ್ತಲೇ ಒಬ್ಬ ಸಾವಕ್ಕನ ಪಾದಕ್ಕೇ ಬಿದ್ದ. "ತಾಯೀ, ಈ ವಿಷಾ ಬಿಡ್ರಿ," ಎಂದ. "ನನಗಲ್ಲೋ ತಮ್ಮಾ, ಕಾಗಿಗೆ," ಎಂದಳು ಸಾವಕ್ಕ. ಆ ಹುಡುಗರ ಹುರುಪಾದರೂ ನೋಡಿ, ಕಾಗೆಗಾದರೂ ಬಿಡಿಸಿಯೇ ತೀರುತ್ತೇವೆಂದು ನಾಲ್ಕು ಮಂದಿ ಮನೆತನಕ ಬಂದರು. ಮಂಚದ ಮುಂದೆ ಸಾಲಾಗಿ ಕೂತು ಅದಕ್ಕೆ ಸ್ವರಾಜ್ಯ ಎಂದರೇನೆಂದು ತಿಳಿಸಿ ಹೇಳಿದರು. ಸರಕಾರದ ಬೊಕ್ಕಸ ಅಫೀಮಿನಿಂದ ಹೇಗೆ ತುಂಬುತ್ತದೆ ಎಂಬುದನ್ನೂ ಹೇಳಿದರು. ಕಡೆಗೆ, "ಇಂದಿನಿಂದ ಮುಟ್ಟೂದಿಲ್ಲಂತ ಆಣಿ ಮಾಡ್ತೀರೇನ್ರಿ?" ಎಂದು ಕೇಳಿದರು.

"ಹ್ಞೂಂ," ಎಂದಿತು ಕಾಗೆ.

ಹುಡುಗರ ಸಂತೋಷ ಹೇಳತೀರದು. ಹುಬ್ಬಳ್ಳಿಯಲ್ಲಿ ಮೊದಲನೆಯ ಮಾತಿಗೇ ಒಪ್ಪಿಕೊಂಡವನು ಇವನೊಬ್ಬನೇ ಎಂದು ಜೈಕಾರ ಹಾಕಿ, ನೂಲಿನ ಎಳೆಯೊಂದನ್ನು ಕೊರಳಿಗೆ ಸುತ್ತಿದರು. ಅವರು ಇನ್ನೂ ಅಂಗಳದಲ್ಲಿರುವಾಗಲೇ ಅದು ಸಾವಕ್ಕನ ಸೆರಗಿನ ಗಂಟು ಬಿಚ್ಚಿ ಗುಳಿಗೆ ನುಂಗಿತು. ಪಾಪ, ಆ ಹುಡುಗರು ಟೊಪ್ಪಿಗೆ ಸರಿಪಡಿಸಿಕೊಂಡು ಹೊರಟುಹೋದರು.

ಕಾಗೆಗೆ ದಿನದಿನಕ್ಕೆ ಹೆಚ್ಚು ಬೇಕಾಗತೊಡಗಿತು. ರೆಕ್ಕೆಯ ಪುಕ್ಕಗಳು ಉದುರಿದವು. ಮಾಳಿಗೆಯ ಅಂಚಿನಿಂದ ತೂಕಡಿಸಿ ಬೀಳುವುದು, ಎದ್ದು ಮತ್ತೆ ಹತ್ತುವುದು. ಬೇರೆ ಕಾಗೆಗಳು ನಮ್ಮ ಮಾಳಿಗೆ ಬಿಟ್ಟು ಆಚೆಯ ಬೇವಿನ ಮರದಲ್ಲಿ ಕೂತು ಮುಖ ತಿರುವುತ್ತಿದ್ದವು. ಒಂದು ಮುಂಜಾನೆ ನನಗೆ ತಡೆಯಲಾಗಲಿಲ್ಲ.

"ಸಾವೀ, ಇದನ್ನ ಹೊಡದ ಓಡಸ್ತೇನಿ ನೋಡ. ಇದ್ದಾಗ ನಿನ್ನ ತಿಂದ, ಈಗ ಸತ್ತೂ ತಿನ್ನಾಕತ್ತಾನ. ಸಾಕವಾ ತಾಯಿ."

ಸಾವಕ್ಕ ನನ್ನ ಕೈ ಹಿಡಿದಳು.

"ಬ್ಯಾಡಕ್ಕಾ. ಇವ್ರಿಗಿ ಅಫೀಮ ಬಿಡಸೂಣು. ಇದ್ದಾಗ ಆಗಲಿಲ್ಲ, ಈಗರೆ ಆಗಲಿ. ಒಂದ ದಿನಾ, ಒಂದ ದಿನಾ ಖಬರಿನ ಮ್ಯಾಲೆ ಬರಲಿ ಸಾಕು. ಫಕೀರಿ ಹೋದಾಗಿಂದ ನಾ ಒಬ್ಬಾಕೀನ ಹೊತಗೊಂಡ ಅಡ್ಡಾಡಾಕತ್ತೇನಿ. ಅಪ್ಪ ಅನ್ನಾಂವ ನನ್ನ ಬಾಜೂಕ ಕೂತು ಒಮ್ಮೆರೆ ಅಳಬ್ಯಾಡನ? ಅತ್ತು, ಆಮ್ಯಾಲೆ ಎಲ್ಲಿಗರೆ ಹೋಗ್ಲಿ, ನಾ ತಡಿಯಾಂಗಿಲ್ಲ."

ಅವಳು ಇಷ್ಟು ಮಾತು ಒಟ್ಟಿಗೆ ಆಡಿದ್ದನ್ನು ನಾನು ಕೇಳಿಯೇ ಬಹಳ ವರ್ಷಗಳಾಗಿದ್ದವು. ಹಾಳಾಗಲಿ, ಬಿಡಿಸೋಣ ನಡೆ ಎಂದೆ.

ಔಷಧಿ, ಬೇರು, ಊದುಬತ್ತಿ ಮಾರುವ ಅತ್ತಾರ ಮಕ್ತುಮಸಾಬ ನಮ್ಮ ಓಣಿಯ ತುದಿಯಲ್ಲಿದ್ದ. ಎಷ್ಟೋ ಜನರಿಗೆ ಅಫೀಮು ಬಿಡಿಸಿದ್ದ. ಸಾವಕ್ಕ ಹೋಗಿ, "ಕಾಕಾ, ನಮ್ಮನಿಯವ್ರಿಗಿ ಚಟಾ ಬಿಡಸಬೇಕ್ರಿ," ಎಂದಳು.

"ಕರಕೊಂಡ ಬಾರವಾ. ನಾಡಿ ನೋಡ್ತೇನಿ."

"ಅವ್ರು ತೀರಿಕೊಂಡಾರ್ರಿ."

ಮಕ್ತುಮಸಾಬ ಗಡ್ಡ ನೀವಿಕೊಂಡ. "ತೀರಿಕೊಂಡರೂ ಬಿಟ್ಟಿಲ್ಲ? ಹಂಗಾರ ಭಾಳ ಹಳೇ ಚಟ," ಎಂದ. ಆಮೇಲೆ ಒಂದು ಸೀಸೆಯಲ್ಲಿ ಅಫೀಮು ಕರಗಿಸಿಕೊಟ್ಟು ಹೇಳಿದ, "ದಿನಾ ಒಂದ ಚಮಚಾ ಕುಡಸು. ತಗದಷ್ಟು ನೀರು ತಿರಗಿ ಸೀಸೇದಾಗ ಹಾಕು. ದಿನಾ ತೆಳ್ಳಗ ಆಕ್ಕೋತ ಹೊಕ್ಕೈತಿ, ಕಡೀಕ ಬರೇ ನೀರು. ಆದರ ಒಂದ ಮಾತ ಕೇಳ ತಂಗೆವ್ವಾ. ಈ ಚಟಾ ಬಿಟ್ಟಾವಗ ಇಷ್ಟ ದಿನದ್ದ ದುಃಖ ಎಲ್ಲಾ ಒಮ್ಮೆಲೆ ಬಂದ ಬಡೀತೈತಿ. ಆವಾಗ ಯಾರರೆ ಬಾಜೂಕ ಇರಬೇಕು."

"ನಾ ಇರತೇನ್ರಿ," ಎಂದಳು ಸಾವಕ್ಕ.

ಮೊದಲ ಕೆಲವು ದಿನ ಕಾಗೆಗೆ ಗೊತ್ತಾಗಲಿಲ್ಲ. ಸೀಸೆಯ ಬಣ್ಣ ತಿಳಿಯಾಗತೊಡಗಿದಾಗ ಗೊತ್ತಾಯಿತು. ಮಾಳಿಗೆಯ ಮಣ್ಣು ಕೆದರಿತು, ಹಾಲು ಚೆಲ್ಲಿತು, ನನ್ನ ರೊಟ್ಟಿಗಳನ್ನು ಒಂದೊಂದಾಗಿ ಚರಂಡಿಗೆ ಹಾಕಿತು. ಆಮೇಲೆ ಇದ್ದಕ್ಕಿದ್ದಂತೆ ಶಾಂತವಾಗಿ, ಮೊದಲಿನಂತೆ ತೂಕಡಿಸುತ್ತ ಬರತೊಡಗಿತು. ಅದೇ ಹೊತ್ತಿಗೆ ಓಣಿಯಲ್ಲಿ ವಸ್ತುಗಳು ಕಾಣೆಯಾಗಹತ್ತಿದವು. ಎದುರುಮನೆಯ ಖಾತುನಬಿಯ ಮೂಗುತಿ ಹೋಯಿತು, ನನ್ನ ಹಿತ್ತಾಳೆಯ ಸುಣ್ಣದ ಡಬ್ಬಿ ಹೋಯಿತು. ನಾನು ಕಾಗೆಯ ಬೆನ್ನು ಹತ್ತಿ ಹೋಗಿ ನೋಡಿದರೆ, ಗೋವಿಂದಪ್ಪನ ಕಟ್ಟೆಯ ಮೇಲೆ ನನ್ನ ಸುಣ್ಣದ ಡಬ್ಬಿ ಇಟ್ಟು ಬಾಯಿ ತೆರೆದು ನಿಂತಿದೆ, ಆ ಗೋವಿಂದಪ್ಪ ಗುಳಿಗೆ ಮುರಿಯುತ್ತಿದ್ದಾನೆ!

"ಎಲಾ ಭಾಡ್ಯಾ!" ಎಂದು ಕಾಲಿನ ಚಪ್ಪಲಿ ತೆಗೆದು ಎರಡು ಕೊಟ್ಟೆ. ಅವನು ತಪ್ಪಿಸಿಕೊಳ್ಳಲೂ ಇಲ್ಲ.

"ಹೊಡೀರಿ ಅಕ್ಕಾರ, ಹೊಡೀರಿ," ಎಂದು ಅತ್ತ. "ನನ್ನ ಗೆಳ್ಯಾರಿ ಅಂವ. ಸತ್ತ ಮ್ಯಾಲೂ ನನ್ನ ಹುಡಿಕ್ಯಾಡಿ ಬರ್ತಾನ. ಇಲ್ಲ ಅಂತ ಹ್ಯಾಂಗ ಅನ್ಲಿ?"

ಅವನನ್ನು ಇನ್ನೂ ಬೈಯಬೇಕೆಂದಿದ್ದೆ, ಎತ್ತಿದ ಚಪ್ಪಲಿ ಕೆಳಗೆ ಹಾಕಿದೆ. ಖಾತುನಬಿಯ ಮೂಗುತಿ, ನನ್ನ ಡಬ್ಬಿ, ಆ ಗುಳಿಗೆ ಎಲ್ಲ ಕಸಿದುಕೊಂಡು, ಕಾಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದೆ. ಅದನ್ನು ಹೊತ್ತು ಅಷ್ಟು ದೂರ ಬರುವುದರಲ್ಲಿ ನನ್ನ ಸೊಂಟ ಮುರಿಯಿತು. ಬೆಳೆದ ಗಂಡಸಿನ ಭಾರ.

ಅಂದಿನಿಂದ ಅದನ್ನು ಕೋಳಿ ಮುಚ್ಚುವ ಬುಟ್ಟಿಯ ಕೆಳಗೆ ಹಾಕಿದೆವು. ಅಯ್ಯ ಶಿವನೇ, ಎಂಥ ದಿನಗಳವು! ಬುಟ್ಟಿ ಹಾರತೊಡಗಿತು. ಅದನ್ನು ಒತ್ತಿ ಹಿಡಿಯಲು ನಾವಿಬ್ಬರೂ ಅದರ ಮೇಲೆ ಕೂತೆವು. ನಮ್ಮನ್ನೂ ಸೇರಿಸಿ ಬುಟ್ಟಿ ಮೇಲೆದ್ದು ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಹೋಗುತ್ತಿತ್ತು. ಹಾಲು ಕೊಡಲು ಬಂದ ಹೆಂಗಸು ನಮ್ಮನ್ನು ನೋಡಿ ಚರಿಗೆಯನ್ನು ಹೊಸ್ತಿಲಲ್ಲೇ ಇಟ್ಟು ಓಡಿದಳು. ಹ್ಞೂಂ ಅನ್ನುವುದು ನಿಂತು ಒಳಗಿನಿಂದ ಮೈಲಾರಪ್ಪನ ಪೂರಾ ದನಿಯೇ ಬರಹತ್ತಿತು. ಮೊದಲು ಬೈದ. ನನ್ನನ್ನು ಹೆತ್ತವರನ್ನೂ ಬಿಡಲಿಲ್ಲ. ನಾನೂ ಬುಟ್ಟಿಯ ಮೇಲಿಂದ ಸರಿಯಾಗಿಯೇ ತಿರುಗಿ ಕೊಟ್ಟೆ. ಆಮೇಲೆ ಬೇಡತೊಡಗಿದ.

"ಸಾವೀ... ಒಂದ ಚೂರ. ಸಾಸಿವಿಯಷ್ಟ. ನಿನ್ನ ಕಾಲ ಬೀಳ್ತೇನಿ. ಇಲ್ಲಿ ಭಾಳ ಬೆಳಕೈತಿ ಸಾವೀ, ಕಣ್ಣ ಮುಚ್ಚಾಕ ಬರವಲ್ದು."

ಬೈಗುಳವನ್ನು ತಡೆದುಕೊಂಡಿದ್ದ ಸಾವಕ್ಕನಿಗೆ ಇದನ್ನು ತಡೆಯಲಾಗಲಿಲ್ಲ. ಎದ್ದು ಗೂಡಿನ ಕಡೆ ನಡೆದಳು. ಗೋವಿಂದಪ್ಪನ ಹತ್ತಿರ ಕಸಿದು ತಂದ ಗುಳಿಗೆ ಅಲ್ಲಿತ್ತು. ನಾನು ಬುಟ್ಟಿ ಬಿಟ್ಟು ಏಳುವ ಹಾಗಿಲ್ಲ. "ಸಾವೀ, ಕೊಡಬ್ಯಾಡ!" ಎಂದು ಕೂಗಿದೆ. ಅವಳು ಕೊಡಲಿಲ್ಲ. ನನ್ನ ಕಣ್ಣೆದುರೇ ತಾನು ಬಾಯಿಗೆ ಹಾಕಿಕೊಂಡಳು.

"ನಮ್ಮನ್ನ ಬಿಟ್ಟ ಎಲ್ಲಿಗ ಹೋಗಿದ್ರು ಅಂತ ನಾನೂ ನೋಡಿ ಬರತೇನಿ," ಎಂದಳು.

ಅಲ್ಲೇ ನೆಲದ ಮೇಲೆ ಮಲಗಿದಳು. ಹಗಲೆಲ್ಲ ಏಳಲಿಲ್ಲ. ಉಸಿರು ಇದೆಯೋ ಇಲ್ಲವೋ ಎಂದು ನಾನು ಬುಟ್ಟಿಯ ಮೇಲಿಂದಲೇ ಬಗ್ಗಿ ಬಗ್ಗಿ ನೋಡುತ್ತಿದ್ದೆ. ಒಂದು ಮನೆಯಲ್ಲಿ ಎಷ್ಟು ಜನರನ್ನು ಈ ದರಿದ್ರ ಗುಳಿಗೆಗೆ ಕೊಡಬೇಕು ಎಂದು ಎದೆ ಬಡಿದುಕೊಂಡೆ. ಬುಟ್ಟಿಯೊಳಗೂ ಸದ್ದಿರಲಿಲ್ಲ. ಅವನಿಗೂ ಹೆದರಿಕೆಯಾಗಿತ್ತೆಂದು ಕಾಣುತ್ತದೆ. ಸಂಜೆಗೆ ಎದ್ದಳು. ವಾಂತಿ ಮಾಡಿ, ಮುಖ ತೊಳೆದು, ನನ್ನ ಪಕ್ಕ ಬಂದು ಬುಟ್ಟಿಯ ಮೇಲೆ ಕೂತಳು.

"ಅಲ್ಲೇನೂ ಇಲ್ಲಕ್ಕಾ. ಬೆಚ್ಚಗೈತಿ ಅಷ್ಟ. ಫಕೀರಿನೂ ಇಲ್ಲ, ಇವ್ರೂ ಇಲ್ಲ. ನಾನೂ ಇರಲಿಲ್ಲ," ಎಂದಳು. ಆಮೇಲೆ ಆ ಗೂಡಿನ ಕಡೆ ಕಣ್ಣೆತ್ತಿ ಸಹ ನೋಡಲಿಲ್ಲ.

ಸೀಸೆಯ ನೀರು ಬಾವಿಯ ನೀರಿನಷ್ಟೇ ತಿಳಿಯಾದ ದಿನ ಮಧ್ಯಾಹ್ನ ಸಾವಕ್ಕ ಬುಟ್ಟಿ ಎತ್ತಿದಳು. ತಲೆ ಬಾಚಿ, ಇದ್ದುದರಲ್ಲಿ ಹೊಸ ಸೀರೆ ಉಟ್ಟಿದ್ದಳು. ಕಾಗೆ ಹೊರಗೆ ಬಂದು ಚಮಚದ ನೀರು ಕುಡಿಯಿತು. ಓಡಿಹೋಗಲಿಲ್ಲ. ನಡೆಯುತ್ತ ಹೋಗಿ ಮಂಚ ಹತ್ತಿತು, ಹಗ್ಗ ನೆಲಕ್ಕೆ ತಾಗಿತು. ಆ ಕಣ್ಣು ಪೂರ್ತಿ ತೆರೆದದ್ದನ್ನು ನಾನು ಆಗಲೇ ನೋಡಿದ್ದು. ಬಹಳ ದಿನದ ಮೇಲೆ ಪರಊರಿನಿಂದ ಬಂದವನು ನೋಡುವ ಹಾಗೆ ಮನೆಯನ್ನೆಲ್ಲ ಸುತ್ತ ನೋಡಿತು. ಕಡೆಗೆ ಸಾವಕ್ಕನನ್ನು ನೋಡಿತು.

"ಎಷ್ಟ ಬಡವಾಗೀದಿ ಸಾವೀ," ಎಂದ ಮೈಲಾರಪ್ಪ.

ಸಾವಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಅದು ಮೊದಲಿನ ಮೈಲಾರಪ್ಪನ ದನಿ, ಕೂಸನ್ನು ಎತ್ತಿ ಕುಣಿಸುತ್ತಿದ್ದವನ ದನಿ. ಅವನು ಮತ್ತೆ ಕೇಳಿದ.

"ನಮಗ ಒಂದ ಕೂಸ ಇತ್ತಲ್ಲ?"

"ಇತ್ರಿ."

"ಹೆಣ್ಣಗೂಸು."

"ಹೌದ್ರಿ."

"ಏನಿತ್ತ ಸಾವೀ, ಆಕಿ ಹೆಸರು?"

ನಾನು ರೊಟ್ಟಿ ಬಡಿಯುವ ಕೊಣಮಿಗೆಯನ್ನೇ ಎತ್ತಿಕೊಂಡು ಅವನ ತಲೆಗೆ ಹಾಕಲು ಹೊರಟೆ. ಇಷ್ಟು ದಿನ ಬುಟ್ಟಿಯ ಮೇಲೆ ಕೂತು ಸವೆದದ್ದು ಇದಕ್ಕೇನು? ಸಾವಕ್ಕ ನನ್ನನ್ನು ತಳ್ಳಿ ತಾನೇ ಮುಂದೆ ಬಂದಳು. ಗಂಡನಿಗೆ ಎಂದೂ ನೀನು ಎನ್ನದವಳು ಅಂದು ಅಂದಳು.

"ನಿನ್ನ ಬಾಯಾಗ ಮಣ್ಣ ಬೀಳ್ಲಿ! ಎದಿ ಮ್ಯಾಲೆ ಮಲಗಿಸಿಕೊಂತಿದ್ದೆಲ್ಲೋ! ನಿನ್ನ ಕೈಯಾರೆ ಮಣ್ಣಾಗ ಇಟ್ಟ ಬಂದೀಯಲ್ಲೋ! ಈಗ ನನ್ನ ಮುಂದ ಕೂತು ಹೆಸರ ಕೇಳ್ತಿ?"

"ಹುಡುಕಾಕತ್ತೇನಿ ಸಾವೀ. ಸಿಗವಲ್ದು," ಎಂದ ಅವನು. ತಲೆಯನ್ನು ಮಂಚದ ಪಟ್ಟಿಗೆ ಕುಟ್ಟಿಕೊಂಡ. "ಮುಖಾನೂ ಸಿಗವಲ್ದು. ಎಲ್ಲಿ ಕೈ ಹಾಕಿದ್ರೂ ಬರೇ ಹತ್ತಿ."

"ಹೋಗಾಕ ಬಿಡ ಸಾವೀ ಇವನ್ನ," ಎಂದೆ ನಾನು. "ಇನ್ನೇನ ಅಳ್ತಾನ ಇಂವ? ಹೆಸರ ಗೊತ್ತಿಲ್ಲದ ಕೂಸಿಗೆ ಯಾರ ಅಳ್ತಾರ?"

ಸಾವಕ್ಕ ಮಂಚದ ಪಟ್ಟಿ ಹಿಡಿದು ಕಾಗೆಯ ಮೇಲೆ ಬಗ್ಗಿದಳು. ಅವಳು ಅವನ ಕತ್ತು ಮುರಿದಿದ್ದರೂ ನಾನು ತಪ್ಪು ಎನ್ನುತ್ತಿರಲಿಲ್ಲ. ಆದರೆ ಅವಳು ಕಾಲು ಚಾಚಿ, ಸಾವಿನ ಮನೆಯಲ್ಲಿ ಕೂಡುವ ಹಾಗೆ, ಮಂಚದ ಮುಂದೆ ನೆಲಕ್ಕೆ ಕೂತಳು.

"ಫಕೀರವ್ವ," ಎಂದಳು.

"ಫಕೀರವ್ವ," ಎಂದ ಅವನು.

ಸಾವಕ್ಕ ಎದೆಗೆ ಕೈ ಬಡಿದು ದನಿ ಎತ್ತಿದಳು. "ನನ ಫಕೀರವ್ವಾ, ಅಪ್ಪನ ಮೀಸಿ ಜಗ್ಗಾಕಿ ಎಲ್ಲಿ ಹೋದ್ಯವ್ವಾ! ಬೆಲ್ಲದ ಡಬ್ಬಿ ಒಳಗ ಕೈ ಸಿಗಿಸಿಕೊಂಡ ಅಳಾಕೀನ ಎಲ್ಲಿ ಇಟ್ಟ ಬಂದ್ರವ್ವಾ! ಚಂದಪ್ಪನ್ನ ಕೆಳಗ ತಗದ ಕೊಡಂತ ಹಟಾ ಮಾಡಾಕಿ, ನನ ಮಗಳ!" ಆ ದನಿ ಎಷ್ಟು ವರ್ಷದಿಂದ ಒಳಗಿತ್ತೋ, ಮಾಳಿಗೆಯ ಮಣ್ಣು ಉದುರಿತು. ಸಿಪಾಯಿ ಬರುತ್ತಾನೆಂದು ನನ್ನ ಕೈ ತಾನಾಗಿಯೇ ಅವಳ ಬಾಯಿ ಮುಚ್ಚಲು ಹೋಯಿತು. ಯಾವ ಸಿಪಾಯಿ? ಯಾರಿದ್ದಾರೆ ಈಗ? ಕೈ ಹಿಂದೆ ತೆಗೆದೆ. ಒಂದೊಂದು ಮಾತಿಗೂ ಕಾಗೆ, "ಹೌದವ್ವಾ! ಹೌದ ನನ ಕೂಸ!" ಎಂದು ದನಿಗೂಡಿಸುತ್ತಿತ್ತು. ಬೆಲ್ಲದ ಡಬ್ಬಿಯ ಮಾತಿಗೆ ಅವನಿಗೆ ಅವಳ ಮುಖ ಸಿಕ್ಕಿತು. ಹೇಗೆ ಗೊತ್ತು ಎಂದರೆ, ಆಮೇಲೆ ಅವನು ಸಾವಕ್ಕನಿಗೆ ಕಾಯದೆ ತಾನೇ ಹಾಡತೊಡಗಿದ.

ಅಳು ಕೇಳಿ ಓಣಿಯ ಹೆಂಗಸರು ಓಡಿ ಬಂದರು. ಎಲ್ಲರಿಗಿಂತ ಮುಂದೆ ಖಾತುನಬಿ.

"ಯಾ ಅಲ್ಲಾ! ಯಾರ ಹೋದ್ರವಾ?"

"ಫಕೀರವ್ವ," ಎಂದೆ.

"ಯಾವ ಫಕೀರವ್ವ?"

"ನಮ್ಮ ಸಾವಕ್ಕನ ಮಗಳು. ನಾಕ ವರ್ಷದಾಕಿ."

ಯಾವಾಗ ಎಂದು ಒಬ್ಬರೂ ಕೇಳಲಿಲ್ಲ. ಖಾತುನಬಿ ಸಾವಕ್ಕನ ಹೆಗಲು ಹಿಡಿದು ಕೂತಳು. ಉಳಿದವರು ಸುತ್ತ ಕೂತರು. ಫಕೀರವ್ವನನ್ನು ಎತ್ತಿ ಆಡಿಸಿದ್ದವರು ತಮಗೆ ನೆನಪಿದ್ದದ್ದು ಸೇರಿಸಿ ಅತ್ತರು, ಅವಳನ್ನು ನೋಡದೇ ಇದ್ದವರೂ ಅತ್ತರು. ಗಂಡಸರು ಬಂದು ಹೊರಗೆ ಕಟ್ಟೆಯ ಮೇಲೆ ಕೂತರು. ಗೋವಿಂದಪ್ಪ ಒಳಗೇ ಬಂದು, ಮಗಳನ್ನು ಕಳೆದುಕೊಂಡ ಗೆಳೆಯನಿಗೆ ಮಾಡುವ ಹಾಗೆ, ಕಾಗೆಯ ಬೆನ್ನ ಮೇಲೆ ಕೈಯಿಟ್ಟು ಮಂಚದ ಅಂಚಿಗೆ ಕೂತ. ಅಂದು ಅವನ ಕೈ ಸೊಂಟದ ಡಬ್ಬಿಗೆ ಹೋಗಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಯಾರೋ ರೊಟ್ಟಿ ತಂದರು. ಊರಿಗೆಲ್ಲ ರೊಟ್ಟಿ ಬಡಿಯುವ ನನ್ನ ಮುಂದೆ ಬೇರೆಯವರ ಕೈಯ ರೊಟ್ಟಿ ಬಂದದ್ದು ಅದೇ ಮೊದಲು, ನಾನು ಅದನ್ನು ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟೆ.

ಬಿಸಿಲು ಇಳಿಯುವ ಹೊತ್ತಿಗೆ ಸಾವಕ್ಕನ ದನಿ ಕಟ್ಟಿತು. ಬಾಯಿ ತೆರೆದರೆ ಬರೀ ಗಾಳಿ ಬರುತ್ತಿತ್ತು. ಆದರೂ ನಿಲ್ಲಿಸಲು ಒಲ್ಲಳು. ತಾನು ನಿಲ್ಲಿಸಿದರೆ ಇನ್ನು ಯಾರು ಅಳಬೇಕು ಎಂಬ ಭಯ ಅವಳ ಮುಖದಲ್ಲಿತ್ತು. ಆಗ ಮೈಲಾರಪ್ಪ ಮಂಚದಿಂದ ಇಳಿದು ಬಂದು ಅವಳ ಮೊಣಕಾಲಿನ ಹತ್ತಿರ ನಿಂತ.

"ಸಾವೀ, ನೀ ಒಂದೀಟ ಅಡ್ಡಾಗು," ಎಂದ. "ಇನ್ನ ನಾ ಅಳ್ತೇನಿ."

ಸಾವಕ್ಕ ಅವನನ್ನು ನೋಡಿದಳು. ಆಮೇಲೆ ಅಷ್ಟು ಜನರ ನಡುವೆ, ಅಷ್ಟು ಗದ್ದಲದಲ್ಲಿ, ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಕಣ್ಣು ಮುಚ್ಚುವುದರೊಳಗೆ ಗೊರಕೆ ಬಂತು. ಕಾಗೆ ಅವಳ ಪಕ್ಕದಲ್ಲಿ ನಿಂತು ಮೊದಲಿನಿಂದ ಹಾಡತೊಡಗಿತು, ಫಕೀರವ್ವ ಹುಟ್ಟಿದ ದಿನದಿಂದ.